ಹಿಮ್ಮಡಿಗೆ ಹಚ್ಚಿದ ಮುಖದ ಕ್ರೀಮು

ಮಧುಗಿರಿ
೨೪ ಏಪ್ರಿಲ್ ೨೦೨೫, ಗುರುವಾರ

ಪ್ರೀತಿಯ ಸಹನಾ,

ಹೇಗಿದ್ದೀಯ? ಬದ್ದಿಯಲ್ಲಿ ಆ ಹಿಮಾಚಲದ ಚಳಿ ಇಳಿದಿರಬೇಕು. ಹೋದ ಸಲ ಮಾತಾಡಿದಾಗ ನಿನ್ನ ಗಂಟಲು ಕಟ್ಟಿತ್ತು, ಲ್ಯಾಬಿನ ಏಸಿಯಿಂದ ಅಂದಿದ್ದೆ. ಬಿಸಿನೀರು ಕುಡಿ ಎಂದರೆ ನಗುತ್ತೀಯ ಎಂದು ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಹಾಸ್ಟೆಲಿನ ಊಟ ಹೇಗಿದೆ? ಗೋಧಿ ರೊಟ್ಟಿ ತಿಂದು ತಿಂದು ಸಾಕಾಗಿದ್ದರೆ ತಿಳಿಸು, ರಾಗಿ ಹುರಿಹಿಟ್ಟು ಮಾಡಿ ಕಳಿಸುತ್ತೇನೆ. ಇಲ್ಲಿ ಬಿಸಿಲು ಬೆಟ್ಟದ ಬಂಡೆಗೆ ಬಡಿದು ಅಲ್ಲಿಂದ ನೇರವಾಗಿ ನಮ್ಮ ಅಡುಗೆಮನೆಗೆ ಬರುತ್ತಿದೆ. ಕಾಲೇಜಿಗೆ ರಜೆ. ಉತ್ತರಪತ್ರಿಕೆಗಳ ಕೆಲಸ ಮುಗಿಯಿತು. ನಾವೆಲ್ಲ ಚೆನ್ನಾಗಿದ್ದೇವೆ. ಈ ಕೊನೆಯ ವಾಕ್ಯವನ್ನು ಜನ ಅಭ್ಯಾಸಬಲದಿಂದ ಬರೆಯುತ್ತಾರೆ, ನಾನು ಯೋಚಿಸಿ ಬರೆದಿದ್ದೇನೆ. ಅಜ್ಜಿಯ ಕಾಲು ಉಳಿದಿದೆ, ಗಾಯ ತುಂಬಿಕೊಂಡು ಬರುತ್ತಿದೆ, ಅವರ ಬಾಯಿ ಎಂದಿನಂತಿದೆ.

ಯುಗಾದಿಯ ಮರುದಿನ ನಿಮ್ಮಪ್ಪ ಫೋನಿನಲ್ಲಿ ನಿನಗೆ ಏನು ಹೇಳಿದರೆಂದು ನನಗೆ ಗೊತ್ತು, ಆಸ್ಪತ್ರೆಯ ಮೆಟ್ಟಿಲ ಮೇಲೆ ಅವರ ಪಕ್ಕದಲ್ಲೇ ನಿಂತಿದ್ದೆ. "ನೀನ್ ಕಳ್ಸಿದ್ ಕ್ರೀಮ್ ಹಚ್ಕಂಡು ಅಜ್ಜಿ ಕಾಲು ಕೆಟ್ಟೋಗೈತೆ ಕಣಮ್ಮ, ಕುಯ್ಬೇಕೋ ಏನೋ ಅಂತಾವ್ರೆ." ಸರ್ವೆ ಇಲಾಖೆಯ ಮನುಷ್ಯ. ಎರಡು ಕಲ್ಲು ಕಂಡರೆ ನಡುವೆ ನೇರ ಗೆರೆ ಎಳೆದುಬಿಡುವುದು ಅವರಿಗೆ ಕೈಬಂದ ಕೆಲಸ. ಆಮೇಲೆ ನಾನು ಕೇಳಿದ್ದಕ್ಕೆ, "ನಾನೇನ್ ಸುಳ್ಳೇಳಿದ್ನಾ ಶ್ರೀಲತಾ? ಕೇಳುದ್ಲು, ಹೇಳ್ದೆ" ಎಂದು ಮುಖ ತಿರುಗಿಸಿಕೊಂಡರು. ಮುಖ ತಿರುಗಿಸಿದ್ದು ಕಣ್ಣು ಒರೆಸಿಕೊಳ್ಳಲಿಕ್ಕೆ, ಅದನ್ನೂ ನೋಡಿದೆ. ಅವತ್ತೇ ನಿನ್ನ ಮೆಸೇಜು ಬಂತು: ಕೆಲಸ ಬಿಡುತ್ತೇನೆ, ನೋಟಿಸ್ ಕೊಡುತ್ತಿದ್ದೇನೆ, ಯಾರೂ ಫೋನ್ ಮಾಡಬೇಡಿ. ಅಂದಿನಿಂದ ನೀನು ಮನೆಯ ಯಾರ ಫೋನನ್ನೂ ಎತ್ತಿಲ್ಲ. ಕಾಲು ಉಳಿಯಿತು ಎಂದು ನಾನು ಬರೆದರೆ "ಸರಿ" ಎಂಬ ಎರಡಕ್ಷರ ಬಂತು. ಮುಂದಿನ ತಿಂಗಳ ಮೊದಲ ವಾರಕ್ಕೆ ನಿನ್ನ ನೋಟಿಸಿನ ಗಡುವು ಮುಗಿಯುತ್ತದೆಂದು ನಿನ್ನ ರೂಮ್‌ಮೇಟ್ ಹೇಳಿದಳು. ಸ್ಪೀಡ್ ಪೋಸ್ಟಿನಲ್ಲಿ ಹಾಕಿದರೆ ಅಷ್ಟರೊಳಗೆ ಇದು ನಿನಗೆ ತಲುಪುತ್ತದೆ. ಮೆಸೇಜನ್ನು ಒಂದು ಬೆರಳಿನಿಂದ ಸರಿಸಿಬಿಡಬಹುದು. ಕಾಗದವನ್ನು ಕೊನೇಪಕ್ಷ ಮಡಿಸಬೇಕು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಸಂಕ್ರಾಂತಿಗೆ ಎರಡು ದಿನ ಮುಂಚೆ ನಿನ್ನ ಪಾರ್ಸೆಲ್ಲು ಬಂತು. ಅದರೊಳಗೆ ಅಪ್ಪನಿಗೆ ಬೆಲ್ಟು, ಅಜ್ಜಿಗೆ ಉಣ್ಣೆಯ ಶಾಲು, ನನಗೆ ನೀನೇ ಕೈಯಾಡಿಸಿದ ಬ್ಯಾಚಿನ ಮೊದಲ ಟ್ಯೂಬು. ಸುಕ್ಕಿಗೆ ಹಚ್ಚುವ ಕ್ರೀಮು. ಚೀಟಿಯಲ್ಲಿ "ಅಮ್ಮ, ಹುಬ್ಬುಗಳ ನಡುವಿನ ಗೆರೆಗೆ, ರಾತ್ರಿ ಮಲಗುವ ಮುಂಚೆ" ಎಂದು ಬರೆದಿದ್ದೆ. ಆ ಗೆರೆ ಮಕ್ಕಳ ಅಕ್ಷರ ಓದಿ ಓದಿ ಬಿದ್ದದ್ದು. ನೀನು ಅದನ್ನು ಗಮನಿಸಿದ್ದೀಯ ಎಂಬುದೇ ನನಗೆ ಅವತ್ತಿನ ಸುದ್ದಿ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ, ಹೊಸದು ಯಾವುದೇ ಬರಲಿ, ಮೊದಲು ದೇವರ ಗೂಡಿನ ಮುಂದೆ, ಆಮೇಲೆ ಹಿರಿಯರ ಕೈಗೆ, ಅವರು ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟ ಮೇಲೆ ನಮ್ಮ ಕೈಗೆ. ನಿಮ್ಮಪ್ಪನ ಮೊಬೈಲು, ನನ್ನ ಸ್ಕೂಟಿಯ ಕೀಲಿಕೈ, ನಿನ್ನ ಹಾಲ್‌ಟಿಕೆಟ್ಟು, ಎಲ್ಲವೂ ಆ ದಾರಿಯಲ್ಲೇ ಬಂದವು. ಟ್ಯೂಬನ್ನೂ ಕೊಟ್ಟೆ. ಅಜ್ಜಿ ಕಣ್ಣಿಗೊತ್ತಿಕೊಂಡರು. ಶಾಲಿನ ಜೊತೆ ಸುತ್ತಿ ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡರು. ಕೊಟ್ಟದ್ದನ್ನು ಮರಳಿ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ. ಗೆರೆ ಅಲ್ಲೇ ಇರಲಿ ಎಂದುಕೊಂಡೆ, ಐವತ್ತೊಂದು ವರ್ಷದವಳಿಗೆ ಅದೇನು ಹೊರೆಯಲ್ಲ.

ಅಜ್ಜಿ ಅದನ್ನು ಮುಖಕ್ಕೆ ಹಚ್ಚಿಕೊಳ್ಳುತ್ತಾರೆಂದು ನಾನು ಊಹಿಸಿದ್ದೆ. ಊಹಿಸಿದವಳಿಗೆ ಅವರ ಮುಖ ನೆನಪಿರಬೇಕಿತ್ತು. ತಾತ ಹೋದ ಮೇಲೆ ಅವರು ಮುಖಕ್ಕೆ ನೀರಲ್ಲದೆ ಬೇರೇನನ್ನೂ ಸೋಕಿಸಿಲ್ಲ. ಆದರೆ ಮೊಮ್ಮಗಳು ಕಳಿಸಿದ್ದು ಹಾಗೇ ಒಣಗಿಹೋಗಬಾರದಲ್ಲ. ವೈ.ಎನ್.ಹೊಸಕೋಟೆಯ ಕೆಂಪು ಮಣ್ಣಿನ ಹೊಲಗಳಲ್ಲಿ ಬರಿಗಾಲಲ್ಲಿ ಕಡಲೆಕಾಯಿ ಕಿತ್ತು ಬೆಳೆದವರು. ಆ ಹಿಮ್ಮಡಿಗಳನ್ನು ನೀನು ಚಿಕ್ಕವಳಿದ್ದಾಗ ಬೆರಳಿನಿಂದ ತಡವಿ, ಅಜ್ಜಿ ನಿನ್ ಕಾಲಲ್ಲಿ ನಕ್ಷೆ ಇದೆ ಅನ್ನುತ್ತಿದ್ದೆ. ಆ ಬಿರುಕುಗಳಿಗೆ ಹಚ್ಚತೊಡಗಿದರು. ಬೆಳಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು, ಮೇಲೆ ಹಳೇ ಸೀರೆಯ ಪಟ್ಟಿ. ಹಿಮ್ಮಡಿ ಮೆತ್ತಗಾಯಿತು. ಹಿಂದಿನ ಬೀದಿಯ ದೊಡ್ಡಕ್ಕನನ್ನು ಕರೆದು ತೋರಿಸಿದರಂತೆ: "ನೋಡೇ, ಮಗು ಕೆನ್ನೆ ಇದ್ದಂಗೈತೆ." ದೊಡ್ಡಕ್ಕ ತನಗೂ ವಸಿ ಕೊಡು ಅಂದಳಂತೆ. ಕೊಡಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಶಿವರಾತ್ರಿಗೆ ಬೀದಿಯ ಹೆಂಗಸರೆಲ್ಲ ಒಂದು ಟೆಂಪೋ ಮಾಡಿಕೊಂಡು ಸಿದ್ದರಬೆಟ್ಟಕ್ಕೆ ಹೋದರು, ಅಜ್ಜಿಯೂ ಹೋದರು. ಬರಿಗಾಲಲ್ಲೇ ಹತ್ತಿದರು. ಸಕ್ಕರೆ ಕಾಯಿಲೆ ಬಂದು ಎಷ್ಟು ಕಾಲವಾಯಿತು, ಪಾದಕ್ಕೆ ಸ್ಪರ್ಶಜ್ಞಾನ ಕಮ್ಮಿಯಾಗಿದೆ, ಬೇಡ ಎಂದು ನಾನೂ ಹೇಳಿದೆ, ಅಪ್ಪನೂ ಹೇಳಿದರು. "ಬೆಟ್ಟ ಹತ್ತಿ ಇಳ್ದಿವ್ನಿ, ಒಂದ್ ಕಲ್ಲೂ ಚುಚ್ಲಿಲ್ಲ ಕಣೋ ಸುರೇಶ" ಎಂದು ಬಂದು ನಿಮ್ಮಪ್ಪನ ಮುಂದೆ ಬೀಗಿದರು. ಚುಚ್ಚಿತ್ತು. ಚುಚ್ಚಿದ್ದು ಅವರಿಗೆ ಗೊತ್ತಾಗಿರಲಿಲ್ಲ, ಅಷ್ಟೇ.

ಯುಗಾದಿಯ ದಿನ ಬೇವುಬೆಲ್ಲ ತಿಂದು ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದೆ. ಅಜ್ಜಿ ಕುರ್ಚಿಯ ಮೇಲೆ ಕೂತಿದ್ದರು. ಒಂದು ಪಾದವನ್ನು ಮುಂದೆ ಚಾಚಿದರು, ಇನ್ನೊಂದನ್ನು ಸೀರೆಯೊಳಕ್ಕೆ ಎಳೆದುಕೊಂಡರು. ಈ ಮನೆಗೆ ಬಂದಾಗಿನಿಂದ ವರ್ಷಕ್ಕೆ ಇಷ್ಟು ಸಲ ಎಂಬಂತೆ ಆ ಪಾದಗಳನ್ನು ಮುಟ್ಟಿದ್ದೇನೆ. ಯಾವಾಗಲೂ ಎರಡು ಸಿಗುತ್ತಿದ್ದವು. ನಾನು ಬಗ್ಗಿದವಳು ಹಾಗೇ ನಿಂತೆ. ಆ ಕ್ರೀಮಿಗೆ ನೀವು ಹಾಕಿರುವ ಗುಲಾಬಿಯ ವಾಸನೆ ಬಂತು, ಅದರ ಕೆಳಗೆ ಇನ್ನೊಂದು ವಾಸನೆ. ಎರಡನೆಯದನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಟ್ಟುಹೋದ ಮಾದರಿಗಳಿಂದ ನಾನು ಬಲ್ಲೆ. ತೋರಿಸಿ ಅಂದೆ. "ಏನಿಲ್ಲ ಕಣಮ್ಮ, ವಸಿ ಕೆಂಪಗಾಗೈತೆ. ಸಹನಾ ಕಳ್ಸಿದ್ದು ಹಚ್ಚಿವ್ನಿ, ವಾಸಿ ಆಯ್ತದೆ, ಪೋನೀ ಬುಡು." ಅದು ಮುಖಕ್ಕೆ ಹಚ್ಚುವುದು ಅತ್ತೆ, ಅಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಮುಂದಿದೆ. "ನನ್ ಮಖಕ್ಕಾ? ನಿಮ್ಮಾವ ಹೋದ್ಮ್ಯಾಕೆ ಅರಿಶಿಣ ಸೈತ ಸೋಕಿಸ್ಕಂಡಿಲ್ಲ. ಈಗ ಕ್ರೀಮ್ ಬಳ್ಕಂಡು ಯಾರ್ನ ಮೆಚ್ಚುಸ್ಲಿ? ಮೊಮ್ಮಗ್ಳು ಮೊದಲ್ನೇ ಸಂಬ್ಳದಾಗೆ ಕಳ್ಸಿದ್ದು, ಬಿಸಾಕಕ್ಕಾಯ್ತದಾ? ಕಾಲೂ ನಂದೇ ಅಲ್ವಾ?" ನಾನು ನಿಮ್ಮಪ್ಪನನ್ನು ಕೂಗಿದೆ.

ಇಲ್ಲಿನ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ ನೇರ ತುಮಕೂರಿಗೆ ಚೀಟಿ ಬರೆದರು. ಹಬ್ಬದ ದಿನ ಕಾರು ಸಿಗಲಿಲ್ಲ. ಕೊರಟಗೆರೆಯಲ್ಲಿರುವ ನಿಮ್ಮಪ್ಪನ ಆಫೀಸಿನ ಗಂಗಹನುಮಯ್ಯ ಹೋಳಿಗೆ ಎಲೆಯ ಮುಂದಿನಿಂದ ಎದ್ದು ತಮ್ಮ ಕಾರು ತಂದರು. ಅವರಿಗೆ ನೀನು ಬಂದಾಗ ಒಂದು ಮಾತು ಹೇಳಬೇಕು. ದಾರಿಯುದ್ದಕ್ಕೂ ಅಜ್ಜಿ, ಅವರ ಮನೆಯ ಹೋಳಿಗೆ ತಣ್ಣಗಾಯಿತಲ್ಲ ಎಂದು ಕೊರಗಿದರು. ಮರುದಿನ ಬೆಳಗ್ಗೆ ತುಮಕೂರಿನ ಸರ್ಜನ್ನು ನಮ್ಮನ್ನು ಹೊರಗೆ ಕರೆದು, ಕೀವು ಎಲ್ಲಿಯವರೆಗೆ ಹೋಗಿದೆಯೋ ಕುಯ್ದ ಮೇಲೇ ಗೊತ್ತಾಗುವುದು, ಮೂಳೆ ಮುಟ್ಟಿದ್ದರೆ ಪಾದದ ಬಗ್ಗೆ ಭರವಸೆ ಕೊಡಲಾರೆ ಅಂದರು. ನಿಮ್ಮಪ್ಪ ನಿನಗೆ ಫೋನ್ ಮಾಡಿದ್ದು ಆಗ.

ನಿನಗೆ ತಿಳಿಯದೇ ಇರುವುದು ಮುಂದಿನದು. ಕುಯ್ದು ತೊಳೆದಾಗ ಹಿಮ್ಮಡಿಯ ಆಳದಲ್ಲಿ ಒಂದು ಜಾಲಿ ಮುಳ್ಳಿನ ತುದಿ ಸಿಕ್ಕಿತು. ಸರ್ಜನ್ನು ಅದನ್ನು ಗಾಜಿನ ಶೀಶೆಯಲ್ಲಿ ಹಾಕಿ ತೋರಿಸಿದರು, ಜೀರಿಗೆಗಿಂತ ಸ್ವಲ್ಪ ಉದ್ದ. ಬೆಟ್ಟದಲ್ಲಿ ಹೊಕ್ಕಿದ್ದು. ಮೂಳೆಗೆ ಸೋಂಕಿರಲಿಲ್ಲ. ಕ್ರೀಮಿನಿಂದ ಹೀಗಾಯಿತೇ ಎಂದು ನಾನು ನೇರವಾಗಿ ಕೇಳಿದೆ. "ಮುಳ್ಳಿನಿಂದ ಆಯ್ತು ಮೇಡಂ. ಕ್ರೀಮು ಹಚ್ಚಿರದಿದ್ರೂ ಆಗ್ತಿತ್ತು. ಹಚ್ಚಿದ್ರಿಂದ ನಿಮಗೆ ಕಾಣೋದು ತಡವಾಯ್ತು, ಅಷ್ಟೇ ನಾನು ಹೇಳಬಲ್ಲೆ" ಎಂದರು. ನಾನು ನಿನಗೆ ಕ್ರೀಮಿನದೇನೂ ಪಾತ್ರವಿಲ್ಲ ಎಂದು ಸಮಾಧಾನದ ಮಾತು ಬರೆಯುತ್ತಿಲ್ಲ. ಮೆತ್ತಗಾದ ಚರ್ಮ ಮುಳ್ಳು ಹೋದ ದಾರಿಯನ್ನು ಮುಚ್ಚಿಕೊಂಡಿತ್ತು, ಪಟ್ಟಿಯೊಳಗೆ ಸದಾ ಒದ್ದೆಯಿತ್ತು, ಅಜ್ಜಿಗೆ ವಾಸಿಯಾಗುತ್ತಿದೆ ಎಂಬ ನಂಬಿಕೆಯಿತ್ತು. ಇಷ್ಟು ನಿಜ. ಆದರೆ ನಿಮ್ಮಪ್ಪ ಎಳೆದ ನೇರ ಗೆರೆ ನಿಜವಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಿಗೆ ಯೋಚಿಸುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ನೀನು ಎಂ.ಎಸ್ಸಿ. ಓದುತ್ತಿದ್ದಾಗಿನ ಒಂದು ಸಂಜೆ ನೆನಪಾಯಿತು. ಅಜ್ಜಿ ಪಡಸಾಲೆಯಲ್ಲಿ ಕನಕಾಂಬರ ಕಟ್ಟುತ್ತಿದ್ದರು. ಪೆಪ್ಟೈಡು ಎಂದರೆ ಏನು ಎಂದು ಅವರು ಕೇಳಿದ್ದಕ್ಕೆ ನೀನು, "ಮಾರುದ್ದ ಕಟ್ಟಿದ್ರೆ ಪ್ರೋಟೀನು ಅಜ್ಜಿ, ಗೇಣುದ್ದ ಕಟ್ಟಿದ್ರೆ ಪೆಪ್ಟೈಡು" ಅಂದೆ. "ಗೇಣುದ್ದದ ಹೂವ ಯಾವ್ ದೇವ್ರ ಮುಡಿಗೂ ಸಾಲಕ್ಕಿಲ್ಲ ಬುಡು" ಅಂದರು ಅವರು. ನಾನು ನಕ್ಕು, ಮರುದಿನ ಆ ಹೋಲಿಕೆಯನ್ನು ತರಗತಿಯಲ್ಲಿ ನನ್ನದೇ ಎಂಬಂತೆ ಬಳಸಿದೆ. ಆಗ ನಿನ್ನ ಕೆಲಸ ರೋಗಾಣುಗಳನ್ನು ಕೊಲ್ಲುವ ಪೆಪ್ಟೈಡುಗಳ ಮೇಲೆ. ನಮ್ಮ ಚರ್ಮವೇ ಅವನ್ನು ತಯಾರಿಸುತ್ತದೆ, ಗಾಯವಾದ ಕಡೆ ಹೆಚ್ಚು ತಯಾರಿಸುತ್ತದೆ, ಅವು ಬ್ಯಾಕ್ಟೀರಿಯಾದ ಹೊರಪೊರೆಗೆ ಅಂಟಿ ಅದನ್ನು ತೂತು ಮಾಡುತ್ತವೆ ಎಂದು ವಿವರಿಸಿದ್ದೆ. ಪಾಠ ಮಾಡಿ ಮಾಡಿ ನನ್ನ ಜೀವಶಾಸ್ತ್ರ ಸವೆದುಹೋಗಿತ್ತು. ಪುಸ್ತಕದ ಚರ್ಮ ಬರೀ ಹೊದಿಕೆ. ನಿನ್ನ ಚರ್ಮಕ್ಕೆ ಕೈಗಳಿದ್ದವು.

ಫೆಲೋಶಿಪ್ಪು ಸಿಗಲಿಲ್ಲ, ಬದ್ದಿಯ ಕೆಲಸ ಸಿಕ್ಕಿತು. ಸೂಟ್‌ಕೇಸು ತುಂಬುತ್ತ ನೀನು ಹೇಳಿದ್ದು: "ಅಲ್ಲಿದ್ದದ್ದು ಕಾವಲು ಕಾಯೋ ಪೆಪ್ಟೈಡು ಅಮ್ಮ. ಇಲ್ಲಿರೋದು ಸುಣ್ಣ ಬಳಿಯೋ ಪೆಪ್ಟೈಡು." ನಾನು ಸೀರೆ ಮಡಿಸಿಕೊಟ್ಟೆ. ಆ ಮಾತು ಸರಿಯೇ ಎಂದು ಆಸ್ಪತ್ರೆಯಲ್ಲಿ ಕೂತು ಮೊಬೈಲಿನಲ್ಲಿ ಸಿಕ್ಕಷ್ಟು ಓದಿದೆ. ನಿಮ್ಮ ಕ್ರೀಮಿನಲ್ಲಿರುವಂಥವು ಏನನ್ನೂ ಕೊಲ್ಲುವುದಿಲ್ಲ, ಏನನ್ನೂ ಬಳಿಯುವುದೂ ಇಲ್ಲ. ಚರ್ಮದೊಳಗಿನ ಕೊಲಾಜನ್ ನಾರು ಮುರಿದಾಗ ಉದುರುವ ಚೂರಿನ ವೇಷದಲ್ಲಿ ಹೋಗಿ, ಇಲ್ಲೇನೋ ಮುರಿದಿದೆ, ಹೊಸದು ಕಟ್ಟಿ ಎಂದು ಜೀವಕೋಶಗಳಿಗೆ ಸುದ್ದಿ ಮುಟ್ಟಿಸುತ್ತವಂತೆ. ಮುರಿಯದೇ ಇದ್ದಾಗಲೂ ಮುರಿದ ಸುದ್ದಿ. ಜೀವಕೋಶ ನಂಬಿದರೆ ಕಟ್ಟುತ್ತದೆ. ಎಷ್ಟು ಒಳಕ್ಕೆ ಹೋಗುತ್ತವೆ, ಎಷ್ಟು ಕಟ್ಟುತ್ತವೆ ಎಂಬುದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ, ನೀನು ನನಗಿಂತ ಚೆನ್ನಾಗಿ ಬಲ್ಲೆ. ಇನ್ನೊಂದು ಜಾತಿಯವು ನರದ ಸುದ್ದಿ ಸ್ನಾಯುವಿಗೆ ತಲುಪದಂತೆ ತಡೆಯುತ್ತವೆ, ಹುಬ್ಬು ಗಂಟಿಕ್ಕುವುದು ಕಡಿಮೆಯಾಗಲಿ ಎಂದು. ನೀನು ನನಗೆ ಕಳಿಸಿದ್ದರಲ್ಲಿ ಎರಡೂ ಇದ್ದವು ಎಂದು ಟ್ಯೂಬಿನ ಡಬ್ಬಿಯ ಮೇಲಿದೆ. ಮೇಲುನೋಟಕ್ಕೆ ಒಂದು ಯುದ್ಧ, ಒಂದು ಶೃಂಗಾರ. ಯುದ್ಧ ದೊಡ್ಡದು, ಶೃಂಗಾರ ಸಣ್ಣದು. ನೀನು ಹಾಗೇ ಅಂದುಕೊಂಡು ಕುಗ್ಗಿದ್ದೀಯ ಎಂದು ನನಗೆ ಮೊದಲಿಂದ ಗೊತ್ತಿತ್ತು.

ಆದರೆ ಅಜ್ಜಿಯ ಹಿಮ್ಮಡಿಯನ್ನು ದಿನಾ ನೋಡುತ್ತ ನನಗೆ ಆ ಲೆಕ್ಕ ಹಿಡಿಸಲಿಲ್ಲ. ಸಕ್ಕರೆ ಕಾಯಿಲೆಯವರ ಗಾಯದಲ್ಲಿ ಚರ್ಮದ ಸ್ವಂತ ಕಾವಲು ತೆಳುವಾಗುತ್ತದಂತೆ. ಅಲ್ಲಿ ಕಾವಲಿಗೆ ಆಂಟಿಬಯಾಟಿಕ್ ಹೋಯಿತು. ಆದರೆ ಕಾವಲು ಗೆದ್ದ ಮಾತ್ರಕ್ಕೆ ಗಾಯ ತುಂಬಲಿಲ್ಲ. ಕೀವು ನಿಂತ ಮೇಲೂ ಅದು ಖಾಲಿ ಬಟ್ಟಲಿನಂತೆ ಹಾಗೇ ಇತ್ತು. ನಾನು ಗಾಬರಿಯಾದೆ. "ಮೇಲೆ ಮುಚ್ಚೋಕೆ ಅವಸರ ಬೇಡ, ತಳದಿಂದ ತುಂಬ್ಕೊಂಡು ಬರ್ಲಿ. ಕಟ್ಟಿ ಅಂತ ದೇಹ ತಾನೇ ಹೇಳ್ಕೋಬೇಕು" ಎಂದರು ಸರ್ಜನ್ನು. ಕಟ್ಟಿ ಎಂಬ ಆ ಸುದ್ದಿ ನಿನ್ನ ಸುಣ್ಣದವರ ಭಾಷೆಯಲ್ಲವೇ? ನಮ್ಮ ಕಾವಲಿನ ಪೆಪ್ಟೈಡುಗಳಲ್ಲಿ ಕೆಲವು ಕೊಂದು ಮುಗಿಸಿದ ಮೇಲೆ ಅದೇ ಜಾಗದಲ್ಲಿ ನಿಂತು ಹೊಸ ಜೀವಕೋಶಗಳನ್ನೂ ಕರೆಯುತ್ತವೆ ಎಂದೂ ಓದಿದೆ. ಹಾಗಾದರೆ ಅವೆರಡೂ ಬೇರೆ ಬೇರೆ ಕುಲದವು ಎಂಬ ನಮ್ಮ ತಿಳಿವಳಿಕೆಯೇ ಒರಟು. ಇಲ್ಲಿ ಕೆಟ್ಟದ್ದು ಸರದಿ. ಕಾವಲು ಬರುವ ಮುಂಚೆ ಕಟ್ಟುವವನು ಬಂದ, ಅದೂ ಮುಖಕ್ಕೆಂದು ಹೊರಟವನು ಹಿಮ್ಮಡಿಗೆ ಬಂದ. ಅದು ಅವನ ತಪ್ಪಲ್ಲ, ಅವನನ್ನು ತಯಾರಿಸಿದವಳ ತಪ್ಪೂ ಅಲ್ಲ.

ಈಗ ಮನೆಯ ಸುದ್ದಿ. ಡ್ರೆಸಿಂಗ್ ಮಾಡಲು ರಂಗೇಶ್ ಎಂಬವನು ದಿನಾ ಬೆಳಗ್ಗೆ ಬೈಕಿನಲ್ಲಿ ಬರುತ್ತಾನೆ. ಬಾಗಿಲಲ್ಲೇ ಶುರು: "ಏನಜ್ಜಿ, ಹಿಮ್ಮಡಿಗೆ ಪೌಡ್ರು, ಲಿಪ್‌ಸ್ಟಿಕ್ಕು ಎಲ್ಲಾ ಆಯ್ತಾ?" ಅಜ್ಜಿ: "ನಿನ್ ಮಖಕ್ಕೆ ಬಳ್ಕಳ್ಲಾ, ನಿಂಗಿನ್ನೂ ಹೆಣ್ಣು ಸಿಕ್ಕಿಲ್ವಂತೆ." ಅವನು ನಕ್ಕು ನಕ್ಕು ಕತ್ತರಿ ಕೆಳಗಿಟ್ಟು ಸುಧಾರಿಸಿಕೊಂಡ. ಭಾನುವಾರ ಅವನಿಗೆ ರಜೆ. ಅವತ್ತು ನಾನು ಮಾಡುತ್ತೇನೆ, ಹೇಗೆಂದು ಅವನೇ ಕಲಿಸಿದ. ಮೊದಲ ಭಾನುವಾರ ಸಲೈನಿನಲ್ಲಿ ತೊಳೆಯಲು ಅಜ್ಜಿಯ ಪಾದವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅವರು ಎಳೆದುಕೊಂಡರು. ಸೊಸೆಯ ತೊಡೆಯ ಮೇಲೆ ಕಾಲಿಡಬಾರದಂತೆ. ನಮಸ್ಕಾರಕ್ಕೆ ಮುಟ್ಟಿದರೆ ಸರಿಯೇ ಎಂದೆ. "ಅದು ಬ್ಯಾರೆ, ಇದು ಬ್ಯಾರೆ" ಎಂದರು. ಬೇರೆ ಹೌದು. ನಮಸ್ಕಾರದಲ್ಲಿ ಬೆರಳ ತುದಿ ಮಾತ್ರ ತಾಗುತ್ತದೆ, ಅದೂ ಒಂದು ಕ್ಷಣ. ಆ ಪಾದಕ್ಕೆ ಎಷ್ಟು ಭಾರವಿದೆಯೆಂದು ನನಗೆ ಇಷ್ಟು ವರ್ಷದಲ್ಲಿ ತಿಳಿದಿರಲಿಲ್ಲ. ಆಮೇಲೆ ಅವರು ಕಾಲು ಬಿಟ್ಟುಕೊಟ್ಟರು, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, ತಮ್ಮ ಊರಿನ ಕಡಲೆಕಾಯಿ ಹೊಲದ ಬಗ್ಗೆ, ಮದುವೆಯಾಗಿ ಬಂದ ಹೊಸದರಲ್ಲಿ ತಾವಾಡುತ್ತಿದ್ದ ತೆಲುಗು ಕೇಳಿ ಈ ಬೀದಿಯವರು ನಗುತ್ತಿದ್ದುದರ ಬಗ್ಗೆ ಹೇಳಿದರು. ನಾನೂ ಚನ್ನರಾಯನದುರ್ಗದಿಂದ ಬಂದ ಹೊಸತರ ಒಂದೆರಡು ಮಾತು ಹೇಳಿದೆ. ಮುಗಿಸುವಾಗ ನೀರು ತಣ್ಣಗಾಗಿತ್ತು. ನಾವಿಬ್ಬರೂ ಒಂದೇ ಮನೆಯಲ್ಲಿ ಬದುಕಿದವರು ಎಂದು ಹೇಳುವುದಕ್ಕೆ ನನಗೆ ಈಗ ಸ್ವಲ್ಪ ಧೈರ್ಯ ಬಂದಿದೆ.

ನಿಮ್ಮಪ್ಪ ಸಿರಾಕ್ಕೆ ಹೋಗಿ ಮೆತ್ತನೆ ಅಟ್ಟೆಯ ಚಪ್ಪಲಿ ಮಾಡಿಸಿ ತಂದರು. ಅಂಗಡಿಯ ಹಿರಿಯರು ಅಳತೆಯ ಕಾಗದ ನೋಡಿ, "ಫಿಕರ್ ಮಾಡ್ಬೇಡಿ ಸಾಬ್, ನಮ್ದೂ ಅಮ್ಮಂಗೆ ಇದೇ ಹಾಕ್ಸಿರೋದು" ಅಂದರಂತೆ. ಮನೆಯೊಳಗೂ ಹಾಕಿಕೊಂಡೇ ಓಡಾಡಬೇಕು ಎಂದು ಡಾಕ್ಟರ ಅಪ್ಪಣೆ. "ದೇವ್ರಿರೋ ಮನ್ಯಾಗೆ ಮೆಟ್ಟು ಹಾಕ್ಕಂಡ್ ತಿರುಗ್ಲಾ? ಅದ್ರ ಬದ್ಲು ಕಾಲು ಕುಯ್ದಿದ್ರೇ ಆಗ್ತಿತ್ತು" ಎಂದು ಒಂದು ಹೊತ್ತು ಊಟ ಬಿಟ್ಟರು. ಸಂಜೆಗೆ ತಾವೇ ದಾರಿ ಕಂಡುಕೊಂಡರು. ಚಪ್ಪಲಿಗೆ ಕುಂಕುಮ ಇಟ್ಟರು, ಊದುಬತ್ತಿ ಬೆಳಗಿದರು, ಇವು ಔಷಧಿ ಎಂದು ಘೋಷಿಸಿ ಹಾಕಿಕೊಂಡರು. ದೇವರ ಗೂಡಿನ ಕಡೆ ಮಾತ್ರ ಹೋಗುವುದಿಲ್ಲ. ಕುರ್ಚಿಯಿಂದಲೇ ಕೈ ಮುಗಿಯುತ್ತಾರೆ.

ಡಬ್ಬಿಯ ವಿಷಯ ಒಂದಿದೆ. ಗಾಯ, ಬಿರುಕು ಇದ್ದಲ್ಲಿ ಹಚ್ಚಬೇಡಿ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಇರುವೆಯಂಥ ಅಕ್ಷರಗಳಿವೆ. ಮುಂದೆ ಹೆಂಗಸಿನ ಮುಖದ ಚಿತ್ರವಿದೆ. ಚಿತ್ರ ನೋಡಿಯಾದರೂ ಗೊತ್ತಾಗಲಿಲ್ಲವೇ ಎಂದು ನಿಮ್ಮಪ್ಪ ಕೇಳಿದ್ದಕ್ಕೆ ಅಜ್ಜಿ, "ಕಡ್ಲೆಕಾಯ್ ಎಣ್ಣೆ ಡಬ್ಬಿ ಮ್ಯಾಲೂ ಹೆಂಗಸಿನ್ ಮಖ ಐತೆ. ಅದ್ನ ಮಖಕ್ಕೆ ಸುರ್ಕಂತಾರಾ?" ಅಂದರು. ಇದನ್ನು ನಿಮ್ಮ ಕಂಪನಿಯ ಮೀಟಿಂಗಿನಲ್ಲಿ ಯಾರಾದರೂ ಹೇಳಬೇಕು. ಹೇಳುವವರು ಒಳಗಿದ್ದರೆ ಮಾತ್ರ ಹೇಳಲಿಕ್ಕಾಗುವುದು.

ಕೆಲಸ ಬಿಡುವುದು ಬಿಡದಿರುವುದು ನಿನ್ನದು, ಸಹನಾ. ಬೇಸರವಾಗಿದ್ದರೆ ಬಿಡು. ಕಾವಲಿನ ಪೆಪ್ಟೈಡುಗಳ ಹತ್ತಿರ ಮರಳಬೇಕೆನಿಸಿದರೆ ಬಿಡು, ನಾವಿದ್ದೇವೆ. ಒಂದು ಜಾಲಿ ಮುಳ್ಳು ಮಾಡಿದ್ದಕ್ಕೆ ಬಿಡಬೇಡ. ನಾನು ಈ ಕಾಗದ ಬರೆಯಲು ಕೂತದ್ದು ನಿನ್ನನ್ನು ಕ್ಷಮಿಸಲಿಕ್ಕಲ್ಲ, ಕ್ಷಮಿಸುವಂಥದ್ದು ಏನೂ ನಡೆದಿಲ್ಲ. ಕೃತಜ್ಞತೆ ಹೇಳಲು ಕೂತೆ, ಅದು ನನಗೆ ಬರುವುದಿಲ್ಲವಾದ್ದರಿಂದ ಇಷ್ಟು ಪುಟ ಹಿಡಿಯಿತು. ಹೋಳಿಗೆ ಬಿಟ್ಟು ಬಂದ ಗಂಗಹನುಮಯ್ಯನವರಿಗೆ, ರಂಗೇಶನಿಗೆ, ಸರ್ಜನ್ನಿನ ಕೈಗೆ, ಮೂಳೆಗೆ ಒಂದು ಎಳೆ ಈಚೆ ನಿಂತ ಕೀವಿಗೆ. ನನ್ನ ಹುಬ್ಬುಗಳ ನಡುವಿನ ಗೆರೆಯನ್ನು ದೂರದ ಊರಿನಲ್ಲಿ ಕೂತು ನೆನಪಿಟ್ಟುಕೊಂಡವಳಿಗೆ ಎಲ್ಲರಿಗಿಂತ ಹೆಚ್ಚು.

ಅಪ್ಪನ ಆಶೀರ್ವಾದ. ಬೆಲ್ಟನ್ನು ದಿನಾ ಹಾಕಿಕೊಂಡು ಹೋಗುತ್ತಿದ್ದಾರೆ, ಒಂದು ತೂತು ಹೆಚ್ಚಿಗೆ ಹೊಡೆಸಬೇಕಾಯಿತು. ದೊಡ್ಡಕ್ಕ ಕೇಳಿದಳೆಂದು ಹೇಳು ಅಂದಳು. ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ಎಲ್ಲಿದ್ದರೂ ನೆಮ್ಮದಿಯಾಗಿರು.

ನಿನ್ನ
ಅಮ್ಮ

ಕವರು ಅಂಟಿಸುವ ಮುಂಚೆ ಅವಸರದಲ್ಲಿ: ಅಂಚೆ ಕಚೇರಿಗೆ ಹೊರಟವಳನ್ನು ಅಜ್ಜಿ ಈಗಷ್ಟೇ ತಡೆದರು. ಆ ಟ್ಯೂಬು ನನಗೆಂದು ಬಂದದ್ದು ಎಂದು ಅಪ್ಪ ಮೊನ್ನೆ ಬಾಯಿತಪ್ಪಿ ಹೇಳಿದ್ದಾರೆ. ಅವತ್ತಿನಿಂದ ಅಜ್ಜಿ ಮಂಕಾಗಿದ್ದರು, ನಾನು ನೋವೆಂದುಕೊಂಡಿದ್ದೆ. ಉಳಿದಿದ್ದ ಕ್ರೀಮಿನ ಟ್ಯೂಬನ್ನು ಒರೆಸಿ, ಮುಚ್ಚಳ ಬಿಗಿಮಾಡಿ ನನ್ನ ಕೈಗಿಟ್ಟು, "ಇದ್ನೂ ಕವರ್ನಾಗೆ ಹಾಕಮ್ಮ, ಮಗೀಗೆ ವಾಪಸ್ ಹೋಗ್ಲಿ. ಅವ್ಳ ಅಮ್ಮನ್ ಮಖಕ್ಕೆ ಕಳ್ಸಿದ್ದ ನಾನ್ ಕಾಲಿಗೆ ಬಳ್ಕಂಡು ಹಾಳ್ ಮಾಡ್ದೆ ಅಂತ ಸಿಟ್ಟಾಗವ್ಳೆ. ಅದಕ್ಕೇ ನನ್ ಫೋನ್ ಎತ್ತಕ್ಕಿಲ್ಲ" ಅಂದರು. ಅಲ್ಲ ಎಂದು ಎಷ್ಟು ಹೇಳಿದರೂ ನಂಬುತ್ತಿಲ್ಲ. ಇದು ನನ್ನ ಬಾಯಿಂದ ಹೋಗುವ ಮಾತಲ್ಲ. ಕಾಗದ ಕೈಸೇರಿದ ಕೂಡಲೇ ಅವರ ನಂಬರಿಗೆ ಮಾಡು. ಎಂಟಕ್ಕೆ ರಂಗೇಶ್ ಬಂದು ಹೋಗುತ್ತಾನೆ, ಆಮೇಲೆ ನಾನು ಅಡುಗೆಮನೆಯಲ್ಲಿರುತ್ತೇನೆ, ಅವರೊಬ್ಬರೇ ಕುರ್ಚಿಯಲ್ಲಿ ಕೂತಿರುತ್ತಾರೆ. ಒಂದೇ ರಿಂಗಿಗೆ ಎತ್ತುತ್ತಾರೆ.